ಹಸಿರುಮನೆ ಅನಿಲ ಕಡಿತ: ಜನ ಒಪ್ಪುವ ವಾದ ಯಾವುದು?

2025ರ ಜುಲೈಯಲ್ಲಿ ಕೇಂದ್ರ ಸರಕಾರ ಒಂದು ಸಾಧನೆಯನ್ನು ಪ್ರಕಟಿಸಿತು. ದೇಶದ ವಿದ್ಯುತ್ ಸ್ಥಾವರಗಳ ಒಟ್ಟು ಸ್ಥಾಪಿತ ಸಾಮರ್ಥ್ಯ ಸುಮಾರು 4.84 ಲಕ್ಷ ಮೆಗಾವಾಟ್. ಅದರಲ್ಲಿ 2.42 ಲಕ್ಷ ಮೆಗಾವಾಟ್, ಅಂದರೆ ಸರಿಸುಮಾರು ಅರ್ಧ, ಕಲ್ಲಿದ್ದಲು, ಅನಿಲ, ಡೀಸೆಲ್‌ಗಳ ಹಂಗಿಲ್ಲದ ಮೂಲಗಳದು. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿ ಐದು ವರ್ಷ ಮೊದಲೇ ಕೈಗೂಡಿತು. ಇದು ನಿಜ. ಆದರೆ 2024-25ನೇ ಸಾಲಿನಲ್ಲಿ ತಂತಿಯ ಮೂಲಕ ಹರಿದ ವಿದ್ಯುತ್ತಿನಲ್ಲಿ ಶೇ. 70ಕ್ಕೂ ಹೆಚ್ಚು ಪಾಲು ಕಲ್ಲಿದ್ದಲನ್ನು ಉರಿಸಿಯೇ ಬಂದದ್ದು. ಇದೂ ನಿಜ.

ಸರಕಾರದ ಪರ ಮಾತನಾಡುವವರು ಮೊದಲ ಅಂಕಿಯನ್ನು ಹಿಡಿಯುತ್ತಾರೆ, ಟೀಕಿಸುವವರು ಎರಡನೆಯದನ್ನು. ಇಬ್ಬರ ನಡುವೆ ನಿಂತ ಸಾಮಾನ್ಯ ಓದುಗನಿಗೆ ಯಾರನ್ನು ನಂಬಬೇಕೆಂಬುದೇ ತಿಳಿಯುವುದಿಲ್ಲ. ಹಸಿರುಮನೆ ಅನಿಲಗಳನ್ನು ತಗ್ಗಿಸುವ ರಾಷ್ಟ್ರೀಯ ಪ್ರಯತ್ನಗಳಿಗೆ ಎದುರಾಗಿರುವ ದೊಡ್ಡ ತೊಡಕು ಇದೇ. ತಂತ್ರಜ್ಞಾನ ಬಹುಮಟ್ಟಿಗೆ ಕೈಯಲ್ಲಿದೆ, ಹಣವನ್ನೂ ಹೇಗೋ ಹೊಂದಿಸಬಹುದು. ಆದರೆ ಜನ ಮನಸಾರೆ ಒಪ್ಪದ ಯೋಜನೆ ಒಂದು ಚುನಾವಣೆಯ ಆಚೆಗೆ ಬಾಳುವುದಿಲ್ಲ. ಹೀಗಾಗಿ ಈ ಪ್ರಯತ್ನಗಳ ಪರವಾಗಿ ಹೂಡುವ ವಾದ ಎಂಥದ್ದಾಗಿರಬೇಕು ಎಂಬ ಪ್ರಶ್ನೆ ಬರಿಯ ಭಾಷಣಕಲೆಗೆ ಸಂಬಂಧಿಸಿದ್ದಲ್ಲ.

ವಾದದಲ್ಲಿ ಸೋತ ನೀತಿಗಳು

ಇದಕ್ಕೆ ಹೊರದೇಶಗಳಲ್ಲಿ ಸಾಕಷ್ಟು ಉದಾಹರಣೆಗಳಿವೆ. ಆಸ್ಟ್ರೇಲಿಯಾ 2012ರ ಜುಲೈಯಲ್ಲಿ ಇಂಗಾಲದ ಮೇಲೆ ಬೆಲೆ ವಿಧಿಸಿತು. ದೊಡ್ಡ ಉದ್ದಿಮೆಗಳು ತಾವು ಹೊರಬಿಡುವ ಪ್ರತಿ ಟನ್‌ಗೂ ಹಣ ತೆರಬೇಕಿತ್ತು. ಅರ್ಥಶಾಸ್ತ್ರಜ್ಞರು ಮೆಚ್ಚಿದ ಏರ್ಪಾಡು ಅದು. ಆದರೆ ವಿರೋಧ ಪಕ್ಷ ಅದನ್ನು ವಿದ್ಯುತ್ ಬಿಲ್ಲಿನ ಮೇಲಿನ ತೆರಿಗೆಯೆಂದು ಜನರ ಮುಂದಿಟ್ಟಿತು, ಚುನಾವಣೆ ಗೆದ್ದಿತು, 2014ರ ಜುಲೈಯಲ್ಲಿ ಕಾಯ್ದೆಯನ್ನೇ ರದ್ದು ಮಾಡಿತು.

ಫ್ರಾನ್ಸಿನಲ್ಲಿ 2018ರ ನವೆಂಬರ್‌ನಲ್ಲಿ ಇಂಧನ ತೆರಿಗೆಯ ಏರಿಕೆಯನ್ನು ಪ್ರತಿಭಟಿಸಿ ಹಳದಿ ನಿಲುವಂಗಿ ತೊಟ್ಟವರು ಬೀದಿಗಿಳಿದರು. ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದ ಸಣ್ಣ ಊರುಗಳ ಜನ ಅವರಲ್ಲಿ ಬಹಳ ಮಂದಿ ಇದ್ದರು. ತಿಂಗಳೊಳಗೆ ಸರಕಾರ ಏರಿಕೆಯನ್ನು ಕೈಬಿಟ್ಟಿತು. ಕೆನಡಾದ ಕಥೆ ಇನ್ನೂ ಕುತೂಹಲಕರ. 2019ರಿಂದ ಅಲ್ಲಿ ಬಳಕೆದಾರರ ಇಂಧನದ ಮೇಲೆ ಇಂಗಾಲದ ಶುಲ್ಕವಿತ್ತು. ಸಂಗ್ರಹವಾದ ಹಣದ ಬಹುಪಾಲನ್ನು ಕುಟುಂಬಗಳಿಗೇ ಮರಳಿಸಲಾಗುತ್ತಿತ್ತು. ಆದರೂ ಪೆಟ್ರೋಲ್ ಬಂಕಿನಲ್ಲಿ ಕಾಣುವ ಶುಲ್ಕ ಮನಸ್ಸಿನಲ್ಲಿ ಉಳಿಯಿತು, ಬ್ಯಾಂಕಿಗೆ ಬರುವ ಮರುಪಾವತಿ ಉಳಿಯಲಿಲ್ಲ. 2025ರ ಏಪ್ರಿಲ್ 1ರಿಂದ ಆ ಶುಲ್ಕವನ್ನು ಸೊನ್ನೆಗಿಳಿಸಲಾಯಿತು.

ಈ ಮೂರೂ ದೇಶಗಳಲ್ಲಿ ವಿಜ್ಞಾನ ತಪ್ಪಿರಲಿಲ್ಲ. ಹೊರೆ ಯಾರ ಹೆಗಲಿಗೆ, ಫಲ ಯಾರ ಕೈಗೆ ಎಂಬ ಪ್ರಶ್ನೆಗೆ ಜನರಿಗೆ ಮನದಟ್ಟಾಗುವ ಉತ್ತರ ಸಿಗದೆ ಹೋಯಿತು.

ನ್ಯಾಯದ ಪ್ರಶ್ನೆ

ಭಾರತದಲ್ಲಿ ಈ ಚರ್ಚೆ ಆರಂಭವಾಗುವುದೇ 'ನಾವೇಕೆ ಕಡಿಮೆ ಮಾಡಬೇಕು?' ಎಂಬ ಪ್ರಶ್ನೆಯಿಂದ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹವಾಮಾನ ಬದಲಾವಣೆ ಕುರಿತ ಅಂತರಸರಕಾರಿ ಸಮಿತಿಯು 2022ರಲ್ಲಿ ನೀಡಿದ ವರದಿಯ ಪ್ರಕಾರ, 1850ರಿಂದ 2019ರವರೆಗೆ ವಾತಾವರಣಕ್ಕೆ ಸೇರಿದ ಇಂಗಾಲದ ಡೈಆಕ್ಸೈಡ್‌ನಲ್ಲಿ ಉತ್ತರ ಅಮೆರಿಕದ ಪಾಲು ಶೇ. 23, ಯುರೋಪಿನದು ಶೇ. 16. ಭಾರತವೂ ಸೇರಿದಂತೆ ಇಡೀ ದಕ್ಷಿಣ ಏಷ್ಯಾದ ಪಾಲು ಕೇವಲ ಶೇ. 4. ಇಂದಿಗೂ ಒಬ್ಬ ಭಾರತೀಯನ ಲೆಕ್ಕಕ್ಕೆ ಬರುವುದು ವರ್ಷಕ್ಕೆ ಸುಮಾರು ಎರಡು ಟನ್. ಒಬ್ಬ ಅಮೆರಿಕನ್ನನದು ಸುಮಾರು 14 ಟನ್. 'ಮಾಡಿದ್ದುಣ್ಣೋ ಮಹಾರಾಯ' ಎಂಬ ನ್ಯಾಯ ಇಲ್ಲಿ ತಲೆಕೆಳಗಾಗಿದೆ. ಮಾಡಿದವರು ಯಾರೋ, ಉಣ್ಣುವವರು ಇನ್ಯಾರೋ.

ಈ ಮಾತನ್ನು ಜಗತ್ತಿನ ಎದುರು ಖಚಿತವಾಗಿ ಇಟ್ಟವರಲ್ಲಿ ಭಾರತೀಯರೇ ಮೊದಲಿಗರು. 1991ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಅವರು, ಬಡ ರೈತನ ಗದ್ದೆಯ ಮೀಥೇನ್ ಅನ್ನೂ ಶ್ರೀಮಂತನ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ಪ್ರಶ್ನಿಸಿದರು. ಒಂದು ಬದುಕಿಗಾಗಿ ಹೊಮ್ಮಿದ್ದು, ಇನ್ನೊಂದು ಭೋಗಕ್ಕಾಗಿ. 1992ರ ರಿಯೋ ಒಡಂಬಡಿಕೆಯಲ್ಲಿ ಸೇರಿಕೊಂಡ 'ಸಮಾನ, ಆದರೆ ಭಿನ್ನ ಪ್ರಮಾಣದ ಹೊಣೆ' ಎಂಬ ತತ್ವಕ್ಕೂ, 1997ರ ಕ್ಯೋಟೊ ಒಪ್ಪಂದದಲ್ಲಿ ಮುಂದುವರಿದ ದೇಶಗಳಿಗಷ್ಟೇ ಕಡಿತದ ಗುರಿ ವಿಧಿಸಿದ್ದಕ್ಕೂ ಇದೇ ಬಗೆಯ ಚಿಂತನೆ ಹಿನ್ನೆಲೆಯಾಗಿತ್ತು.

ಆದರೆ ಈ ವಾದದ ಪೂರ್ವಾರ್ಧ ಎಷ್ಟು ಸತ್ಯವೋ, ಅದರಿಂದ ಎಳೆಯುವ ತೀರ್ಮಾನ ಅಷ್ಟೇ ದುರ್ಬಲ. ಶ್ರೀಮಂತ ದೇಶಗಳು ಹೆಚ್ಚು ಮಾಡಬೇಕು ಎಂಬುದರಿಂದ ಭಾರತ ಏನೂ ಮಾಡಬೇಕಿಲ್ಲ ಎಂಬುದು ಹೊರಡುವುದಿಲ್ಲ. ನೆರೆಮನೆಯವನು ಹಚ್ಚಿದ ಬೆಂಕಿ ತನ್ನ ಹುಲ್ಲುಬಣವೆಗೆ ತಗುಲಿದಾಗ ಯಾವ ರೈತನೂ ಪಂಚಾಯಿತಿ ತೀರ್ಪಿಗಾಗಿ ಕಾಯುತ್ತ ಕೂರುವುದಿಲ್ಲ. ಮೊದಲು ಕೊಡ ಎತ್ತಿಕೊಳ್ಳುತ್ತಾನೆ, ದಂಡ ಕೇಳುವುದು ಆಮೇಲೆ. ಅದರ ಜೊತೆಗೆ, ವರ್ಷದ ಲೆಕ್ಕದಲ್ಲಿ ಚೀನಾ ಮತ್ತು ಅಮೆರಿಕದ ನಂತರ ಅತಿ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುವ ದೇಶ ಭಾರತವೇ. ತಲಾ ಲೆಕ್ಕದ ನೆರಳಿನಲ್ಲಿ ದೇಶದೊಳಗಿನ ಅಂತರವೂ ಮರೆಯಾಗುತ್ತದೆ. ಹವಾನಿಯಂತ್ರಿತ ಮನೆಯವನಿಗೂ ಸೌದೆ ಒಲೆಯವಳಿಗೂ ಅದು ಅದೇ ಎರಡು ಟನ್ ಹಂಚುತ್ತದೆ. ಅಗರ್ವಾಲ್ ಮತ್ತು ನಾರಾಯಣ್ ದೇಶಗಳ ನಡುವೆ ಕೇಳಿದ ಪ್ರಶ್ನೆಯನ್ನು ದೇಶದ ಒಳಗೂ ಕೇಳಬೇಕಾಗುತ್ತದೆ.

ಭಯದ ವಾದ ಸಾಲದು

ಜನರನ್ನು ಒಪ್ಪಿಸಲು ಹಲವರು ಆರಿಸಿಕೊಳ್ಳುವ ಸುಲಭ ದಾರಿ ಭಯ. 2024 ದಾಖಲೆಯಲ್ಲೇ ಅತ್ಯಂತ ಬಿಸಿಯಾದ ವರ್ಷವಾಗಿತ್ತು. ಕೈಗಾರಿಕಾ ಯುಗಕ್ಕೆ ಮುಂಚಿನ ಸರಾಸರಿಗಿಂತ ಭೂಮಿಯ ಉಷ್ಣತೆ ಒಂದೂವರೆ ಡಿಗ್ರಿಗಿಂತ ಹೆಚ್ಚಾದ ಮೊದಲ ಕ್ಯಾಲೆಂಡರ್ ವರ್ಷವೂ ಅದೇ. ಕರ್ನಾಟಕದ ಅನುಭವವೂ ಕಡಿಮೆಯದಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2019ರಲ್ಲಿ ಕೃಷ್ಣಾ ಕೊಳ್ಳ ಮುಳುಗಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು.

ಇಲ್ಲಿ ಎಚ್ಚರ ಅಗತ್ಯ. ಬಿಸಿಯಾದ ಗಾಳಿ ಹೆಚ್ಚು ತೇವವನ್ನು ಹಿಡಿದಿಡುತ್ತದೆ, ಆದ್ದರಿಂದ ಮಳೆ ಸುರಿದಾಗ ಒಮ್ಮೆಲೇ ಸುರಿಯುವ ಸಾಧ್ಯತೆ ಹೆಚ್ಚುತ್ತದೆ ಎಂಬುದು ದೃಢಪಟ್ಟ ವಿಜ್ಞಾನ. ಆದರೆ ಒಂದು ಗುಡ್ಡ ಕುಸಿಯಲು ಮಳೆಯ ಜೊತೆಗೆ ಇಳಿಜಾರನ್ನು ಕಡಿದ ರಸ್ತೆ, ಮರ ಕಳೆದುಕೊಂಡ ಮಣ್ಣು, ನೀರಿನ ದಾರಿಗೆ ಅಡ್ಡವಾದ ಕಟ್ಟಡ ಎಲ್ಲವೂ ಸೇರಿರುತ್ತವೆ. ಪ್ರತಿಯೊಂದು ಅನಾಹುತವನ್ನೂ ಹವಾಮಾನ ಬದಲಾವಣೆಯ ತಲೆಗೆ ಕಟ್ಟಿದರೆ ಸ್ಥಳೀಯ ತಪ್ಪುಗಳಿಗೆ ಮುಸುಕು ಹಾಕಿದಂತಾಗುತ್ತದೆ. ಒಂದು ಮಳೆಗಾಲ ತಣ್ಣಗೆ ಕಳೆದರೆ ವಾದವೇ ಕುಸಿಯುತ್ತದೆ. ಮೇಲಾಗಿ ಭಾರತ ನಾಳೆಯೇ ಎಲ್ಲ ಹೊಗೆಯನ್ನು ನಿಲ್ಲಿಸಿದರೂ ಉಳಿದ ಜಗತ್ತು ನಿಲ್ಲಿಸದೆ ತಾಪ ತಗ್ಗದು. 'ಹಾಗಾದರೆ ನಮ್ಮ ಶ್ರಮಕ್ಕೆ ಫಲವೇನು?' ಎಂಬ ಮರುಪ್ರಶ್ನೆಗೆ ಭಯದ ಬಳಿ ಉತ್ತರವಿಲ್ಲ.

ಸ್ವಂತ ಹಿತದ ಲೆಕ್ಕ

ಉತ್ತರ ಇರುವುದು ಬೇರೆಡೆ. ಅನಿಲ ಕಡಿತದ ಬಹುತೇಕ ಕ್ರಮಗಳು ತಾಪಮಾನದ ಮಾತನ್ನು ಬದಿಗಿಟ್ಟರೂ ದೇಶಕ್ಕೆ ಲಾಭದಾಯಕ. 2008ರ ಜೂನ್ 30ರಂದು ಪ್ರಕಟವಾದ ರಾಷ್ಟ್ರೀಯ ಕ್ರಿಯಾ ಯೋಜನೆ ಎಂಟು ಅಭಿಯಾನಗಳನ್ನು ಹೆಸರಿಸಿತು. ಅಭಿವೃದ್ಧಿಯ ಜೊತೆಜೊತೆಗೇ ಹವಾಮಾನಕ್ಕೂ ಒಳಿತಾಗುವ ದಾರಿಗಳನ್ನು ಹುಡುಕುವುದು ಅದರ ಮೂಲ ಆಶಯವಾಗಿತ್ತು.

ಎಲ್‌ಇಡಿ ಬಲ್ಬಿನ ಉದಾಹರಣೆ ಸರಳ. 2014ರ ಆರಂಭದಲ್ಲಿ ಸರಕಾರಿ ಖರೀದಿಯಲ್ಲಿ ಒಂದು ಬಲ್ಬಿನ ದರ 310 ರೂಪಾಯಿ. ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಕೊಂಡಾಗ 2016ರ ಹೊತ್ತಿಗೆ ಅದು 38 ರೂಪಾಯಿಗೆ ಇಳಿಯಿತು. ಉಜಾಲಾ ಯೋಜನೆಯಡಿ 36 ಕೋಟಿಗೂ ಹೆಚ್ಚು ಬಲ್ಬುಗಳು ವಿತರಣೆಯಾದವು. 60 ವಾಟ್‌ನ ಹಳೆಯ ಬುರುಡೆ ಕೊಡುತ್ತಿದ್ದ ಬೆಳಕನ್ನು 9 ವಾಟ್‌ನ ಬಲ್ಬು ಕೊಡುತ್ತದೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ಬರುವಾಗ ಸರಿಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹೊಸ ಬಲ್ಬು ಹಾಕಿದ ಗೃಹಿಣಿ ಈ ಲೆಕ್ಕವನ್ನು ನೋಡಲಿಲ್ಲ, ತಿಂಗಳ ಬಿಲ್ಲನ್ನು ನೋಡಿದಳು. ಯೋಜನೆ ಗೆದ್ದದ್ದು ಆ ಕಾರಣಕ್ಕೇ.

ಸೌರವಿದ್ಯುತ್ತಿನದೂ ಇದೇ ಕಥೆ. 2010ರ ಜನವರಿಯಲ್ಲಿ ಸೌರ ಅಭಿಯಾನ ಆರಂಭವಾದಾಗ ಹರಾಜಿನಲ್ಲಿ ಬಂದ ಅತಿ ಕಡಿಮೆ ದರವೇ ಯೂನಿಟ್‌ಗೆ 10.95 ರೂಪಾಯಿ. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಅದು 2.44ಕ್ಕೆ ಇಳಿಯಿತು. ಹೊಸ ಕಲ್ಲಿದ್ದಲು ಸ್ಥಾವರದ ವಿದ್ಯುತ್ತಿಗಿಂತ ಇದು ಅಗ್ಗ. ಕರ್ನಾಟಕಕ್ಕೆ ಇದರಲ್ಲಿ ವಿಶೇಷ ಹಿತವಿದೆ. ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿ ಒಂದೂ ಇಲ್ಲ. ರಾಯಚೂರು ಜಿಲ್ಲೆಯ ಶಕ್ತಿನಗರಕ್ಕಾಗಲಿ ಬಳ್ಳಾರಿ ಜಿಲ್ಲೆಯ ಕುಡತಿನಿಗಾಗಲಿ ಬೇಕಾದ ಕಲ್ಲಿದ್ದಲು ತೆಲಂಗಾಣ, ಒಡಿಶಾಗಳಂಥ ಕಡೆಯಿಂದ ರೈಲಿನಲ್ಲಿ ಬರಬೇಕು. ಬಿಸಿಲು ಮತ್ತು ಗಾಳಿಗೆ ಸಾಗಣೆ ವೆಚ್ಚವಿಲ್ಲ. ದೇಶದ ಮಟ್ಟದಲ್ಲೂ ಅಷ್ಟೆ: ಬಳಸುವ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚನ್ನು ಹೊರಗಿನಿಂದ ತರಿಸುವ ರಾಷ್ಟ್ರಕ್ಕೆ ವಿದ್ಯುತ್ ವಾಹನ ಎಂಬುದು ವಿದೇಶಿ ವಿನಿಮಯದ ಪ್ರಶ್ನೆಯೂ ಹೌದು.

ಈಚೆಗೆ ಇನ್ನೊಂದು ಒತ್ತಡ ಸೇರಿಕೊಂಡಿದೆ. ಐರೋಪ್ಯ ಒಕ್ಕೂಟ 2026ರ ಜನವರಿಯಿಂದ ಆಮದಾಗುವ ಉಕ್ಕು, ಅಲ್ಯುಮಿನಿಯಂ, ಸಿಮೆಂಟ್ ಮುಂತಾದವುಗಳ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲಕ್ಕೂ ಬೆಲೆ ಕಟ್ಟುವ ಗಡಿ ಸುಂಕವನ್ನು ಜಾರಿಗೆ ತಂದಿದೆ. ಇದು ನ್ಯಾಯವೇ ಎಂದು ಭಾರತ ಆಕ್ಷೇಪಿಸಿದೆ, ಆಕ್ಷೇಪದಲ್ಲಿ ಹುರುಳೂ ಇದೆ. ಆದರೆ ಸುಂಕ ಉಳಿದರೆ ಅದರ ಬಿಸಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಂಥ ಉಕ್ಕಿನ ನೆಲೆಗಳಿಗೂ ತಟ್ಟಬಹುದು. ಯುರೋಪಿನ ಬೊಕ್ಕಸಕ್ಕೆ ಹೋಗುವ ಹಣವನ್ನು ಇಲ್ಲಿನ ಕುಲುಮೆಗಳ ಸುಧಾರಣೆಗೆ ತೊಡಗಿಸುವುದು ಜಾಣತನ. 2023ರಲ್ಲಿ ಅಧಿಸೂಚಿತವಾದ ಇಂಗಾಲ ವಹಿವಾಟು ಯೋಜನೆ ಈ ದಿಕ್ಕಿನದು. 2025ರಲ್ಲಿ ಸಿಮೆಂಟ್, ಅಲ್ಯುಮಿನಿಯಂ, ಕಾಗದ, ಕ್ಲೋರ್-ಆಲ್ಕಲಿ ಉದ್ಯಮಗಳಿಗೆ ಅದರಡಿ ಗುರಿಗಳನ್ನು ನಿಗದಿಪಡಿಸಲಾಯಿತು.

ಅಂಕಿಗಳ ಪ್ರಾಮಾಣಿಕತೆ

ಹಿತದ ವಾದ ನಿಲ್ಲಬೇಕಾದರೆ ಅದರ ಅಂಕಿಗಳು ನೇರವಾಗಿರಬೇಕು. ಸಾರ್ವಜನಿಕ ಚರ್ಚೆಯಲ್ಲಿ ಎರಡು ಗೊಂದಲಗಳು ಪದೇ ಪದೇ ಎದುರಾಗುತ್ತವೆ.

ಮೊದಲನೆಯದು ಸಾಮರ್ಥ್ಯ ಮತ್ತು ಉತ್ಪಾದನೆಯ ನಡುವಿನದು. ಒಂದು ಮೆಗಾವಾಟ್ ಸೌರ ಘಟಕ ರಾತ್ರಿ ದುಡಿಯದು, ಮೋಡ ಕವಿದರೆ ಅರ್ಧ ದುಡಿಯುತ್ತದೆ. ವರ್ಷಕ್ಕೆ ಅದರಿಂದ ಸಿಗುವುದು ಅಂದಾಜು 16ರಿಂದ 20 ಲಕ್ಷ ಯೂನಿಟ್. ಅಷ್ಟೇ ಸಾಮರ್ಥ್ಯದ ಕಲ್ಲಿದ್ದಲು ಘಟಕ ಸುಮಾರು 60 ಲಕ್ಷ ಯೂನಿಟ್ ಕೊಡುತ್ತದೆ. ಸಾಮರ್ಥ್ಯದಲ್ಲಿ ಅರ್ಧ ಪಾಲಿದ್ದರೂ ಉತ್ಪಾದನೆಯಲ್ಲಿ ಕಲ್ಲಿದ್ದಲೇ ಮುಂದಿರುವುದರ ಗುಟ್ಟು ಇದು. ಸಂಜೆ ಏಳರ ಬೇಡಿಕೆಯನ್ನು ಮಧ್ಯಾಹ್ನದ ಬಿಸಿಲಿನಿಂದ ಪೂರೈಸಲು ಬ್ಯಾಟರಿ ಬೇಕು, ಇಲ್ಲವೇ ನೀರನ್ನು ಮೇಲಕ್ಕೆತ್ತಿ ಮರಳಿ ಹರಿಸುವ ಜಲಾಶಯ ಬೇಕು, ದೂರದ ಊರುಗಳಿಗೆ ಒಯ್ಯುವ ಪ್ರಸರಣ ಮಾರ್ಗವೂ ಬೇಕು. ಮುಂದಿನ ಹಂತದ ನಿಜವಾದ ಪರೀಕ್ಷೆ ಇವುಗಳಲ್ಲಿದೆ.

ಎರಡನೆಯದು ತೀವ್ರತೆ ಮತ್ತು ಮೊತ್ತದ ನಡುವಿನದು. 2015ರ ಅಕ್ಟೋಬರ್ 2ರಂದು, ಪ್ಯಾರಿಸ್ ಸಮಾವೇಶಕ್ಕೆ ಮುನ್ನ, ಭಾರತ ಒಪ್ಪಿಕೊಂಡದ್ದು ಆಂತರಿಕ ಉತ್ಪನ್ನದ ಪ್ರತಿ ಘಟಕಕ್ಕೆ ಹೊಮ್ಮುವ ಅನಿಲವನ್ನು 2030ರೊಳಗೆ 2005ರ ಮಟ್ಟಕ್ಕಿಂತ ಶೇ. 33ರಿಂದ 35ರಷ್ಟು ತಗ್ಗಿಸುವುದಾಗಿ. 2022ರ ಆಗಸ್ಟ್‌ನಲ್ಲಿ ಈ ಗುರಿಯನ್ನು ಶೇ. 45ಕ್ಕೆ ಏರಿಸಲಾಯಿತು. 2005ರಿಂದ 2020ರ ನಡುವೆ ಶೇ. 36ರಷ್ಟು ಇಳಿಕೆ ಸಾಧಿಸಿರುವುದಾಗಿ ಭಾರತ 2024ರ ಕೊನೆಯಲ್ಲಿ ವಿಶ್ವಸಂಸ್ಥೆಗೆ ವರದಿ ಸಲ್ಲಿಸಿತು. ಇದು ಹೆಮ್ಮೆಯ ಸಂಗತಿ. ಆದರೆ ಇದರ ಅರ್ಥ ಒಟ್ಟು ಹೊಗೆ ಕಡಿಮೆಯಾಯಿತು ಎಂದಲ್ಲ. ನೂರು ರೂಪಾಯಿ ಉತ್ಪನ್ನಕ್ಕೆ ನೂರು ಗ್ರಾಂ ಅನಿಲ ಬಿಡುತ್ತಿದ್ದ ದೇಶ ತೀವ್ರತೆಯನ್ನು ಶೇ. 45ರಷ್ಟು ಇಳಿಸಿ, ಉತ್ಪನ್ನವನ್ನು ಮೂರು ಪಟ್ಟು ಮಾಡಿತೆನ್ನಿ. ಒಟ್ಟು ಅನಿಲ 165 ಗ್ರಾಂ ಆಗುತ್ತದೆ. ಬೆಳೆಯುತ್ತಿರುವ ಬಡ ದೇಶಕ್ಕೆ ಇದು ಸಮರ್ಥನೀಯ ದಾರಿಯೇ. ಅದನ್ನು ಹಾಗೆಂದೇ ಹೇಳಿದರೆ ಯಾರೂ ಮುನಿಯಲಾರರು. 'ಕಡಿತ' ಎಂದು ಕರೆದು ಏರಿಕೆ ಕಂಡುಬಂದರೆ ನಂಬಿಕೆ ಮುರಿಯುತ್ತದೆ.

ಬ್ರಿಟನ್ ಇಲ್ಲಿ ಒಂದು ಪಾಠ ಹೇಳುತ್ತದೆ. 2008ರಲ್ಲಿ ಅಲ್ಲಿನ ಸಂಸತ್ತು ಹವಾಮಾನ ಬದಲಾವಣೆ ಕಾಯ್ದೆಯನ್ನು ಅಂಗೀಕರಿಸಿತು. ಐದೈದು ವರ್ಷಕ್ಕೆ ಇಂಗಾಲದ ಆಯವ್ಯಯ, ಸರಕಾರದ ಹಂಗಿಲ್ಲದ ಒಂದು ಸಮಿತಿ, ಸಂಸತ್ತಿಗೆ ಅದರ ವರದಿ, ಅದಕ್ಕೆ ಸರಕಾರದ ಉತ್ತರ. ಇಷ್ಟೇ ವ್ಯವಸ್ಥೆ. ಪಕ್ಷಗಳು ಬದಲಾದರೂ ಚೌಕಟ್ಟು ಉಳಿಯಿತು. 2012ರಲ್ಲಿ ವಿದ್ಯುತ್ತಿನ ಶೇ. 40ರಷ್ಟನ್ನು ಕಲ್ಲಿದ್ದಲಿನಿಂದ ಪಡೆಯುತ್ತಿದ್ದ ದೇಶ 2024ರ ಸೆಪ್ಟೆಂಬರ್ 30ರಂದು ತನ್ನ ಕೊನೆಯ ಕಲ್ಲಿದ್ದಲು ಸ್ಥಾವರವನ್ನು ಮುಚ್ಚಿತು. ಉತ್ತರ ಸಮುದ್ರದ ಅನಿಲ ಮತ್ತು ಗಾಳಿ ಅದರ ಕೈಹಿಡಿದವು, ಅದರ ಕಾರ್ಖಾನೆಗಳಲ್ಲಿ ಹಲವು ಹೊರದೇಶಕ್ಕೆ ಸರಿದವು ಎಂಬುದನ್ನು ಮರೆಯುವಂತಿಲ್ಲ. ಭಾರತ ಅದೇ ವೇಗವನ್ನು ಅನುಕರಿಸಲಾರದು. ಆದರೆ ಲೆಕ್ಕ ಒಪ್ಪಿಸುವ ಆ ಶಿಸ್ತನ್ನು ತರಲು ಅಡ್ಡಿಯೇನೂ ಇಲ್ಲ. 2021ರ ನವೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ ಪ್ರಧಾನಿ ನರೇಂದ್ರ ಮೋದಿ ಘೋಷಿಸಿದ 'ನಿವ್ವಳ ಶೂನ್ಯ'ದ ಗಡುವು 2070. ಅಷ್ಟು ದೂರದ ವಾಗ್ದಾನವನ್ನು ನಂಬಬೇಕಾದರೆ ನಡುವಿನ ಮೈಲಿಗಲ್ಲುಗಳು ಕಣ್ಣಿಗೆ ಕಾಣಬೇಕು.

ಪಾವಗಡದ ಪ್ರಶ್ನೆ

ಕೊನೆಯದು ಹೊರೆಯ ಹಂಚಿಕೆ. ಇದನ್ನು ತಿಳಿಯಲು ತುಮಕೂರು ಜಿಲ್ಲೆಯ ಪಾವಗಡಕ್ಕಿಂತ ಒಳ್ಳೆಯ ಜಾಗವಿಲ್ಲ. ಬರಕ್ಕೆ ಹೆಸರಾದ ಆ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದಿತು. 2019ರ ಕೊನೆಗೆ ಅದು ಪೂರ್ಣ ಸಾಮರ್ಥ್ಯ ಮುಟ್ಟಿತು. ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಪಡೆದು, ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರಿಸುವ ಕ್ರಮವನ್ನು ಅನುಸರಿಸಲಾಯಿತು. ಮಳೆ ನಂಬಿ ಶೇಂಗಾ ಬಿತ್ತಿ ಸೋಲುತ್ತಿದ್ದ ರೈತನಿಗೆ ಇದು ಖಚಿತ ಆದಾಯ. ಭೂಮಿಯ ಒಡೆತನವೂ ಅವನಲ್ಲೇ ಉಳಿಯಿತು. ದೇಶಕ್ಕೇ ಮಾದರಿಯೆಂದು ಇದನ್ನು ಹೊಗಳಲಾಯಿತು. ಹೊಗಳಿಕೆಗೆ ಕಾರಣವೂ ಇದೆ.

ಆದರೆ ಗುತ್ತಿಗೆ ಹಣ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಶೇಂಗಾ ಬಿಡಿಸುತ್ತಿದ್ದ ಭೂಹೀನ ಕೂಲಿಕಾರನಿಗೆ ಹೊಲದ ಜೊತೆ ಕೂಲಿಯೂ ಹೋಯಿತು. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂತು. ಫಲಕ ಒರೆಸುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸಗಳು ಹೊಲ ಕೊಡುತ್ತಿದ್ದಷ್ಟು ಕೈಗಳಿಗೆ ಸಾಲವು. ಇಲ್ಲಿ ಯಾರೂ ಕಾನೂನು ಮೀರಿಲ್ಲ. ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿಗೆ ಕಲಮು ಇರಲಿಲ್ಲ, ಅಷ್ಟೆ.

ಇದೇ ಪ್ರಶ್ನೆ ನಾಳೆ ಇನ್ನೂ ದೊಡ್ಡದಾಗಿ ಎದುರಾಗಲಿದೆ. ಕೋಲ್ ಇಂಡಿಯಾ ಒಂದರಲ್ಲೇ ಎರಡು ಲಕ್ಷಕ್ಕೂ ಹೆಚ್ಚು ಕಾಯಂ ನೌಕರರಿದ್ದಾರೆ. ಗುತ್ತಿಗೆ ಕಾರ್ಮಿಕರು, ಲಾರಿ ಚಾಲಕರು, ಗಣಿ ಊರಿನ ಚಹದಂಗಡಿಯವರು ಈ ಲೆಕ್ಕದಿಂದ ಹೊರಗೆ. ರೈಲ್ವೆಯ ಸರಕು ಸಾಗಣೆಯಲ್ಲಿ ಅತಿ ದೊಡ್ಡ ಪಾಲು ಕಲ್ಲಿದ್ದಲಿನದು. ಆ ಆದಾಯವೇ ಪ್ರಯಾಣಿಕರ ಅಗ್ಗದ ಟಿಕೆಟ್‌ಗೆ ಆಸರೆ. ಶಕ್ತಿನಗರದಲ್ಲಿ 1985ರಿಂದ ಒಂದೊಂದಾಗಿ ಎದ್ದ ಘಟಕಗಳ ಸುತ್ತ ಒಂದು ಊರೇ ಬೆಳೆದಿದೆ. ಘಟಕ ಹಳತಾಗಿ ನಿಲ್ಲುವ ದಿನ ಆ ಊರಿಗೆ ಏನು ಹೇಳುವುದೆಂಬುದನ್ನು ಹತ್ತು ವರ್ಷ ಮೊದಲೇ ಯೋಚಿಸಬೇಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಫ್ರಾನ್ಸಿನ ಬೀದಿಗಳಲ್ಲಿ ಕಂಡದ್ದು ಇಲ್ಲಿಯೂ ಕಾಣಬಹುದು.

ನಿಲ್ಲುವ ವಾದ

ಹೀಗೆ ನೋಡಿದಾಗ ಹಸಿರುಮನೆ ಅನಿಲ ಕಡಿತದ ಪರವಾದ ಬಲವಾದ ವಾದ ಮೂರು ಕಂಬಗಳ ಮೇಲೆ ನಿಲ್ಲುತ್ತದೆ. ಜಗತ್ತಿನ ಎದುರು ನ್ಯಾಯವನ್ನು ಕೇಳುತ್ತಲೇ ಮನೆಯ ಕೆಲಸವನ್ನು ಸ್ವಂತ ಹಿತಕ್ಕಾಗಿ ಮಾಡುವುದು ಮೊದಲನೆಯದು. ಗೆಲುವನ್ನೂ ಕೊರತೆಯನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಎರಡನೆಯದು. ಕಳೆದುಕೊಳ್ಳುವವರ ಹೆಸರನ್ನು ಮೊದಲೇ ಬರೆದುಕೊಂಡು ಅವರ ಪಾಲನ್ನು ತೆಗೆದಿಡುವುದು ಮೂರನೆಯದು. ಮೊದಲ ಕಂಬ ಭಾರತದಲ್ಲಿ ಬಹುಮಟ್ಟಿಗೆ ಎದ್ದಿದೆ. ಎರಡನೆಯದು ಅರ್ಧ ಎದ್ದಿದೆ. ಮೂರನೆಯದಕ್ಕೆ ಇನ್ನೂ ಪಾಯ ತೋಡಬೇಕಿದೆ.

ಸ್ಥಾಪಿತ ಸಾಮರ್ಥ್ಯದ ಅರ್ಧ ಪಾಲು ಮತ್ತು ಉತ್ಪಾದನೆಯಲ್ಲಿನ ಕಲ್ಲಿದ್ದಲಿನ ಪಾಲು, ಈ ಎರಡು ಅಂಕಿಗಳನ್ನು ಸರಕಾರ ಪ್ರತಿವರ್ಷ ಒಂದೇ ಪುಟದಲ್ಲಿ ಅಕ್ಕಪಕ್ಕ ಮುದ್ರಿಸಲಿ. ಅವುಗಳ ಪಕ್ಕದಲ್ಲೇ ಮೂರನೆಯದೊಂದು ಅಂಕಿಯೂ ಇರಲಿ: ಈ ಬದಲಾವಣೆಯಿಂದ ಕೆಲಸ ಕಳೆದುಕೊಂಡ ಎಷ್ಟು ಕುಟುಂಬಗಳಿಗೆ ಬೇರೆ ದುಡಿಮೆ ದೊರೆಯಿತು ಎಂಬುದು. ತಿರುಮಣಿಯ ಕೂಲಿಕಾರನಿಗೆ ಆ ಪುಟದಲ್ಲಿ ತನ್ನ ಲೆಕ್ಕವೂ ಕಂಡ ದಿನ ಈ ವಾದಕ್ಕೆ ಬೇರೆ ವಕೀಲರು ಬೇಕಾಗುವುದಿಲ್ಲ.